ಬಟನ್ ಟೈರ್ ಹಾಕಿದರೆ ಡೀಸೆಲ್ ಎಲ್ಲಿ ಹೋಗುತ್ತದೆ?

ಮಲ್ಲಾಪುರ, ಕದ್ರಾ, ಕೈಗಾ ಸುತ್ತ ಜುಲೈ ತಿಂಗಳಲ್ಲಿ ತೋಟಕ್ಕೆ ಇಳಿಯುವ ಮಣ್ಣಿನ ದಾರಿ ನೋಡಿದವರಿಗೆ, ಪಿಕಪ್‌ಗೆ ದೊಡ್ಡ ಬಟನ್ ಟೈರ್ ಹಾಕಿಸುವ ಆಸೆ ಯಾಕೆ ಹುಟ್ಟುತ್ತದೆಂದು ವಿವರಿಸಬೇಕಿಲ್ಲ. ಹಾಕಿಸಿದ ತಿಂಗಳಿಗೆ ದೂರು ಶುರು: ‘ಮೈಲೇಜ್ ಬಿದ್ದುಹೋಯ್ತು.’ ಬಿದ್ದದ್ದು ಹೌದು. ಆದರೆ ಅದರಲ್ಲೊಂದು ಪಾಲು ಬರೀ ಮೀಟರಿನ ಸುಳ್ಳು.

ಬೊಲೆರೊ ಬಳಗದಲ್ಲಿ ಸಾಮಾನ್ಯವಾದ 215/75 ಆರ್ 15 ಟೈರನ್ನೇ ತೆಗೆದುಕೊಳ್ಳಿ. ಅಗಲ 215 ಮಿ.ಮೀ., ಪಕ್ಕದ ಗೋಡೆ ಅದರ ಶೇ. 75, ರಿಮ್ 15 ಇಂಚು. ಕೂಡಿಸಿದರೆ ಟೈರಿನ ಎತ್ತರ ಸುಮಾರು 703 ಮಿ.ಮೀ. ಅದರ ಜಾಗದಲ್ಲಿ 235/75 ಆರ್ 15 ಕೂತರೆ 733. ಒಂದು ಸುತ್ತಿಗೆ ಗಾಡಿ ಶೇ. 4ಕ್ಕಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ, ಆದರೆ ಸುತ್ತನ್ನಷ್ಟೇ ಎಣಿಸುವ ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಮೀಟರಿನಲ್ಲಿ 100 ಕಿ.ಮೀ. ಬಿದ್ದಾಗ ಗಾಡಿ ಓಡಿದ್ದು 104. ನಿಜಕ್ಕೂ ಲೀಟರಿಗೆ 12 ಕೊಟ್ಟ ಗಾಡಿ ಲೆಕ್ಕದಲ್ಲಿ 11.5 ಕೊಟ್ಟಂತೆ ಕಾಣುತ್ತದೆ. ಹಾಗಾಗಿ ಬೈಯುವ ಮೊದಲು ಕಾರವಾರ–ಅಂಕೋಲಾ ನಡುವೆ ಹೆದ್ದಾರಿ 66ರ ಕಿಲೋಮೀಟರ್ ಕಲ್ಲುಗಳಿಗೆ ಮೀಟರನ್ನು ತಾಳೆ ನೋಡಿ. ಫೋನಿನ ಜಿಪಿಎಸ್ ಆದರೂ ಸಾಕು. ವೇಗದ ಮುಳ್ಳೂ ಇಷ್ಟೇ ಹಿಂದೆ ಬೀಳುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಉಳಿದ ನಷ್ಟ ಎಲ್ಲಿಯದು? ಗ್ಯಾರೇಜಿನಲ್ಲಿ ಕೇಳಿದರೆ ‘ತೂಕ’ ಎನ್ನುತ್ತಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಟೈರಿಗೆ 6 ಕೆ.ಜಿ. ಹೆಚ್ಚಿತೆಂದರೆ ನಾಲ್ಕಕ್ಕೆ 24. ತಿರುಗುವ ಚಕ್ರದ ಅಂಚಿನಲ್ಲಿರುವ ತೂಕ ವೇಗ ಹಿಡಿಯುವಾಗ ಹೆಚ್ಚುಕಡಿಮೆ ಎರಡು ಪಟ್ಟಾಗಿ ಕಾಡುತ್ತದೆ, ನಿಜ. ಆದರೂ ಒಟ್ಟು ಭಾರ ಒಂದು ಸಿಮೆಂಟ್ ಚೀಲವನ್ನು ಮೀರುವುದಿಲ್ಲ. ಅದೂ ನಿಲ್ಲಿಸಿ ಹೊರಡಿಸುವ ಓಡಾಟದಲ್ಲಿ ಮಾತ್ರ.

ಘಟ್ಟದಲ್ಲಿ? ಕೈಗಾದಿಂದ ಯಲ್ಲಾಪುರಕ್ಕೆ ಸುಮಾರು 500 ಮೀಟರ್ ಏರಬೇಕು. ಎರಡು ಟನ್ ಗಾಡಿಯನ್ನು ಅಷ್ಟೆತ್ತರ ಎತ್ತಲು, ಡೀಸೆಲಿನ ಶಕ್ತಿಯ ಶೇ. 30ರಷ್ಟು ಚಕ್ರಕ್ಕೆ ಮುಟ್ಟುತ್ತದೆಂದು ಹಿಡಿದರೆ, ಲೀಟರಿಗೆ ತುಸು ಕಡಿಮೆ ಬೇಕು. ಹೆಚ್ಚುವರಿ 24 ಕೆ.ಜಿ.ಯ ಪಾಲು ಅದರಲ್ಲಿ ಎರಡು ಚಹಾ ಚಮಚದಷ್ಟು! ಘಟ್ಟದ ಖರ್ಚನ್ನು ಟೈರಿನ ತೂಕದ ಮೇಲೆ ಹೊರಿಸುವುದು ಅನ್ಯಾಯ.

ನಿಜವಾದ ಕಳ್ಳ ರಬ್ಬರ್. ಟೈರ್ ಉರುಳುವಾಗ ನೆಲ ಮುಟ್ಟಿದ ಭಾಗ ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಬಾಗಿಸಲು ಕೊಟ್ಟ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ, ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಬಟನ್ ಟೈರಿನ ದಪ್ಪ ರಬ್ಬರ್ ಗಡ್ಡೆಗಳು ಒಂದೊಂದೂ ಪ್ರತಿ ಸುತ್ತಿಗೆ ನಲುಗುತ್ತವೆ. ಜೊತೆಗೆ ಪಕ್ಕದ ಗೋಡೆಯೂ ದಪ್ಪ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2006ರ ವರದಿಯೊಂದರ ಪ್ರಕಾರ ಉರುಳುವಿಕೆಯ ತಡೆ ಶೇ. 10 ತಗ್ಗಿದರೆ ಇಂಧನ ಶೇ. 1ರಿಂದ 2 ಉಳಿಯುತ್ತದೆ. ತಿರುವಿ ಹಾಕಿದರೆ, ತಡೆ ಶೇ. 30 ಏರಿದಾಗ 3ರಿಂದ 6 ಹೋಗುತ್ತದೆ. ಕೆಸರಿನಲ್ಲಿ ಮಾತ್ರ ಲೆಕ್ಕ ಉಲ್ಟಾ: ಸವೆದ ಟೈರ್ ನಿಂತಲ್ಲೇ ತಿರುಗಿ ಡೀಸೆಲ್ ಸುಡುವಾಗ ಬಟನ್ ಟೈರ್ ಕಚ್ಚಿ ಹೊರಬರುತ್ತದೆ.

ಎರಡನೆಯ ಕಳ್ಳ ಗೇರ್. ಟೈರ್ ಶೇ. 4 ಎತ್ತರವಾದರೆ ನೆಲಕ್ಕೆ ಸಿಗುವ ಎಳೆತ ಅಷ್ಟೇ ಕಡಿಮೆ. ಸಮತಟ್ಟಿನಲ್ಲಿ ಇಂಜಿನ್ ನಿಧಾನ ತಿರುಗಿ ಚೂರು ಲಾಭವೇ ಆಗಬಹುದು, ಆದರೆ ಮೊದಲು ಮೂರನೇ ಗೇರಿನಲ್ಲಿ ಏರುತ್ತಿದ್ದ ತಿರುವು ಈಗ ಎರಡನೆಯದನ್ನು ಕೇಳುತ್ತದೆ. ಗಾಳಿಯ ತಡೆ ಕೈಗಾ ರಸ್ತೆಯ ತಿರುವುಗಳ ವೇಗಕ್ಕೆ ಲೆಕ್ಕಕ್ಕಿಲ್ಲ. ಚತುಷ್ಪಥದಲ್ಲಿ 90ರಲ್ಲಿ ಓಡುವವರಿಗೆ ಅದು ತಟ್ಟುತ್ತದೆ.

ವರ್ಷದಲ್ಲಿ ಬಹುಪಾಲು ಡಾಂಬರಿನ ಮೇಲೇ ಓಡುವ ಗಾಡಿಗೆ ಕಂಪನಿ ಅಳತೆಯಲ್ಲೇ ಸಿಗುವ ಮಧ್ಯಮ ಹಲ್ಲಿನ, ‘ಎ.ಟಿ.’ ಎನ್ನುವ ಟೈರ್ ಸಾಕು ಎಂಬುದು ನನ್ನ ಅಭಿಪ್ರಾಯ. ಪೂರ್ತಿ ಕೆಸರಿನ ‘ಎಂ.ಟಿ.’ ಟೈರಿನ ಗಡ್ಡೆಗಳ ನಡುವೆ ಖಾಲಿ ಜಾಗವೇ ಹೆಚ್ಚು. ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಸಡಿಲ, ಇಲ್ಲಿ ಡಾಂಬರು ಒದ್ದೆಯಾಗಿರುವ ತಿಂಗಳುಗಳೋ ಬಹಳ. ಅಳತೆ ಬದಲಿಸುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ನೋಡಿಕೊಳ್ಳಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದಕ್ಕೆ ಅದು ಅಡ್ಡಿ.

ಕೆಸರಿಗೆಂದು ಗಾಳಿ ಇಳಿಸಿದವರು ಡಾಂಬರು ಹತ್ತಿದ ಕೂಡಲೇ ತುಂಬಿಸಿಕೊಳ್ಳಿ. ಇಳಿಸಿದ ಗಾಳಿಯಲ್ಲೇ ಓಡಿಸಿದರೆ ಡೀಸೆಲೂ ಹೋಗುತ್ತದೆ, ಬಿಸಿಯೇರಿ ಟೈರೂ ಹಾಳಾಗುತ್ತದೆ. ಫೋರ್ ವ್ಹೀಲ್ ಡ್ರೈವ್ ಇರುವವರು ಸ್ಟೆಪ್ನಿಯನ್ನೂ ಅದೇ ಅಳತೆಗೆ ತರಬೇಕು. ಮೂರು ದೊಡ್ಡದು, ಒಂದು ಹಳೆಯದು ಹಾಕಿಕೊಂಡು ಗಟ್ಟಿ ರಸ್ತೆಯಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟರೆ ಮೊದಲು ಏಟು ಬೀಳುವುದು ಗೇರುಗಳಿಗೆ.