ಮಳೆಗಾಲದ ನುಸಿ, ನೊಣ: ಮನೆಮದ್ದು ಎಷ್ಟು, ಶುಚಿತ್ವ ಎಷ್ಟು?



ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ನುಸಿಗಳದ್ದೇ ರಾಜ್ಯ. ಹಟ್ಟಿಯಲ್ಲಿ ದನಗಳಿಗೆ ನಿಂತಲ್ಲಿ ನೆಮ್ಮದಿಯಿಲ್ಲ, ಅಡುಗೆಮನೆಯಲ್ಲಿ ನೊಣ ಅಟ್ಟಿ ಅಟ್ಟಿ ಕೈಸೋಲುತ್ತದೆ. ಇದು ಬರೀ ಕಿರಿಕಿರಿಯ ಮಾತಲ್ಲ. 2006-07ರಲ್ಲಿ ಕೇರಳದಲ್ಲಿ ಚಿಕುನ್‌ಗುನ್ಯ ಹಬ್ಬಿದಾಗ ಗಂಟುನೋವಿನಿಂದ ಎಷ್ಟೋ ಮಂದಿ ತಿಂಗಳುಗಟ್ಟಲೆ ತೋಟಕ್ಕೆ ಇಳಿಯಲಾರದೆ ಕುಳಿತರು. ಡೆಂಗ್ಯು ಈಗ ಪ್ರತಿ ಮಳೆಗಾಲದ ಅತಿಥಿ.

ಹಾಗೆಂದು ವಿಷ ಸಿಂಪಡಿಸಿ ಸುಲಭದಲ್ಲಿ ಮುಗಿಸೋಣ ಎನ್ನಬೇಡಿ. ವಿಷದ ಪಾಠವನ್ನು ನಮ್ಮ ಜಿಲ್ಲೆಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಸುವುದು 2000ದವರೆಗೂ ನಡೆದಿತ್ತು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ತೋಟಕ್ಕೆಂದು ತಂದ ಕೀಟನಾಶಕವನ್ನು ಹಟ್ಟಿಗೋ ಮನೆಯ ಮೂಲೆಗೋ ಹೊಡೆದರೆ ಅದು ಹಾಲಿಗೂ ಬರುತ್ತದೆ, ಮಕ್ಕಳ ಉಸಿರಿಗೂ ಸೇರುತ್ತದೆ.

ಮೊದಲು ಹುಟ್ಟುವ ಸ್ಥಳ ತಿಳಿಯೋಣ

ಕಚ್ಚುವುದು ಹೆಣ್ಣು ನುಸಿ ಮಾತ್ರ. ಮೊಟ್ಟೆಯಿಡಲು ಅದಕ್ಕೆ ರಕ್ತ ಬೇಕು. ಡೆಂಗ್ಯು ಹರಡುವ, ಕಾಲಿನಲ್ಲಿ ಬಿಳಿ ಪಟ್ಟೆಯಿರುವ ನುಸಿ ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಯ ಮುಂಚೆ ಕಚ್ಚುತ್ತದೆ. ಕೊಳಕು ಚರಂಡಿ ಅದಕ್ಕೆ ಬೇಡ. ಒಂದು ಗೆರಟೆಯಲ್ಲಿ ನಿಂತ ಮಳೆನೀರು ಸಾಕು. ಮೊಟ್ಟೆಯಿಂದ ಹಾರುವ ನುಸಿಯಾಗಲು ನಮ್ಮ ಸೆಕೆಯಲ್ಲಿ ಸುಮಾರು 7ರಿಂದ 10 ದಿನ. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆ. ಆದುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ಚೊಟ್ಟಿನಿಂದ ಉಜ್ಜಬೇಕು.

ಒಮ್ಮೆ ನಮ್ಮ ಮನೆಯ ಹಿಂದೆ ಬಿದ್ದಿದ್ದ ಅಡಿಕೆ ಹಾಳೆಗಳನ್ನು ಎತ್ತಿ ನೋಡಿದೆ. ದೋಣಿಯಂತೆ ಮಡಚಿದ ಒಂದೊಂದು ಹಾಳೆಯಲ್ಲೂ ಒಂದು ಲೋಟದಷ್ಟು ನೀರು, ಅದರ ತುಂಬ ಕುಣಿಯುವ ಹುಳಗಳು. ಮನೆಯೊಳಗೆ ಹೊಗೆ ಹಾಕಿ ನುಸಿ ಓಡಿಸುತ್ತಿದ್ದವರು, ಮನೆಯ ಹಿಂದೆ ನಾವೇ ಅವನ್ನು ಸಾಕುತ್ತಿದ್ದೆವು!

ಬಿದ್ದ ಹಾಳೆಗಳನ್ನು ಹೆಕ್ಕಿ ಮಾಡಿನ ಕೆಳಗೆ ಇಡಿ, ಇಲ್ಲವೇ ಕತ್ತರಿಸಿ ಗೊಬ್ಬರಕ್ಕೆ ಹಾಕಿ. ಟ್ಯಾಪಿಂಗ್ ಇಲ್ಲದ ದಿನಗಳಲ್ಲಿ ರಬ್ಬರ್ ಮರದ ಚಿಪ್ಪುಗಳನ್ನು ಕವುಚಿ ಹಾಕಿ. ಗೆರಟೆ, ಹಳೆ ಟಯರು, ಹೂಕುಂಡದ ತಟ್ಟೆ, ಹಾಳೆ ಮುಚ್ಚಿದ ಪ್ಲಾಸ್ಟಿಕ್ ಶೀಟಿನ ಗುಂಡಿ, ಇವನ್ನೆಲ್ಲ ನೋಡಿಕೊಳ್ಳಿ. ಶೌಚಾಲಯದ ಗುಂಡಿಯ ಗಾಳಿಕೊಳವೆಯ ಬಾಯಿಗೆ ಬಲೆಬಟ್ಟೆ ಕಟ್ಟಿ. ಖಾಲಿ ಮಾಡಲಾಗದ ಸಿಮೆಂಟು ಟ್ಯಾಂಕಿಗೆ ಗಪ್ಪಿ ಮೀನು ಬಿಡಬಹುದು, ಅವು ನುಸಿಯ ಹುಳಗಳನ್ನು ತಿನ್ನುತ್ತವೆ. ತೋಡಿಗೆ, ಹೊಳೆಗೆ ಮಾತ್ರ ಈ ಮೀನನ್ನು ಬಿಡಬೇಡಿ. ಅಲ್ಲಿನ ಊರ ಮೀನುಗಳಿಗೆ ಇದು ತೊಂದರೆ.

ಹಟ್ಟಿ ಮತ್ತು ಗೊಬ್ಬರ ಗುಂಡಿ

ಮನೆನೊಣಕ್ಕೆ ಹಸಿ ಸೆಗಣಿಯೇ ತೊಟ್ಟಿಲು. ಒಂದು ನೊಣ ಒಂದು ಸಲಕ್ಕೆ ನೂರರಷ್ಟು ಮೊಟ್ಟೆಯಿಡುತ್ತದೆ. ಒಂದೇ ದಿನದೊಳಗೆ ಮೊಟ್ಟೆ ಒಡೆಯುತ್ತದೆ, ಒಂದು ವಾರ ಹತ್ತು ದಿನದಲ್ಲಿ ಹೊಸ ನೊಣ ಹಾರುತ್ತದೆ. ಸೆಗಣಿಯ ಮೇಲೆ ಕೂತ ಅದೇ ಕಾಲಿನಿಂದ ಅನ್ನದ ಮೇಲೆ ಕೂರುವುದರಿಂದ ಭೇದಿಯಂತಹ ಕಾಯಿಲೆಗಳು ಬರುತ್ತವೆ. ಇನ್ನೊಂದು ನೊಣವಿದೆ. ನೋಡಲು ಮನೆನೊಣದಂತೆಯೇ, ಆದರೆ ದನಗಳ ಕಾಲಿಗೆ ಕಚ್ಚಿ ರಕ್ತ ಹೀರುತ್ತದೆ. ಇದು ಹೆಚ್ಚಾಗಿ ಗಂಜಲದಲ್ಲಿ ನೆನೆದು ಕೊಳೆತ ಹುಲ್ಲು, ಸೊಪ್ಪಿನಲ್ಲಿ ಹುಟ್ಟುತ್ತದೆ. ಸೊಪ್ಪು ಹಾಕುವ ಹಟ್ಟಿಯವರು ಇದನ್ನು ಗಮನಿಸಬೇಕು.

ಸೆಗಣಿಯನ್ನು ದಿನವೂ ಗುಂಡಿಗೆ ಸಾಗಿಸಿ, ಮೇಲೆ ಒಣ ತರಗೆಲೆ ಅಥವಾ ಮಣ್ಣಿನ ಪದರ ಹಾಕಿ ಮುಚ್ಚಿ. ಗುಂಡಿಗೆ ಮಳೆನೀರು ಬೀಳದಂತೆ ಮಾಡು ಇರಲಿ. ಚೆನ್ನಾಗಿ ಕಳಿಯುವ ಗೊಬ್ಬರ ಒಳಗೆ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ, ಆ ಬಿಸಿಗೆ ನೊಣದ ಹುಳ ಸಾಯುತ್ತದೆ. ಅಂಚಿನ ತಣ್ಣನೆಯ ಭಾಗದಲ್ಲಿ ಮಾತ್ರ ಬದುಕುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅಂಚಿನದನ್ನು ಎಳೆದು ನಡುವಿಗೆ ಹಾಕಿ. ನೊಣವೂ ಕಡಿಮೆ, ಗೊಬ್ಬರವೂ ಬೇಗ ಸಿದ್ಧ. ಬಯೋಗ್ಯಾಸ್ ಇರುವವರಿಗೆ ಈ ಕೆಲಸ ಇನ್ನೂ ಹಗುರ.

ಗಿಡಮೂಲಿಕೆಗಳ ಸಹಾಯ

1. ಬೇವಿನೆಣ್ಣೆ: 100 ಮಿ.ಲೀ. ತೆಂಗಿನೆಣ್ಣೆಗೆ 2 ಮಿ.ಲೀ., ಅಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಬೇವಿನೆಣ್ಣೆ ಬೆರೆಸಿ ಕೈಕಾಲಿಗೆ ಹಚ್ಚಿಕೊಳ್ಳಿ. ಭಾರತದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದೇ ಪ್ರಮಾಣ ಮಲೇರಿಯಾದ ನುಸಿಯನ್ನು ಚೆನ್ನಾಗಿ ತಡೆದಿತ್ತು. ಇತರ ನುಸಿಗಳ ಮೇಲೆ ಪರಿಣಾಮ ಕಡಿಮೆ. ಎಳೆ ಮಕ್ಕಳಿಗೆ ಹಚ್ಚಬೇಡಿ. ಬೇವಿನೆಣ್ಣೆ ಹೊಟ್ಟೆಗೆ ಹೋದರೆ ಮಕ್ಕಳ ಪ್ರಾಣಕ್ಕೇ ಅಪಾಯ. ಬಾಟಲಿಯನ್ನು ಎತ್ತರದಲ್ಲಿಡಿ.

2. ಮಜ್ಜಿಗೆ ಹುಲ್ಲು: ಎಲೆಯನ್ನು ಜಜ್ಜಿದಾಗ ಬರುವ ಎಣ್ಣೆಯ ವಾಸನೆಗೆ ನುಸಿ ದೂರವಾಗುತ್ತದೆ. ಆದರೆ ಎಣ್ಣೆ ಒಂದೆರಡು ಗಂಟೆಯಲ್ಲಿ ಆರಿಹೋಗುತ್ತದೆ, ಪುನಃ ಹಚ್ಚಬೇಕು. ಅಂಗಳದಲ್ಲಿ ಈ ಹುಲ್ಲನ್ನೋ ತುಳಸಿಯನ್ನೋ ಬರೇ ನೆಟ್ಟುಕೊಂಡರೆ ನುಸಿ ಓಡುವುದಿಲ್ಲ.

3. ಲಕ್ಕಿ ಸೊಪ್ಪು, ಬೇವಿನ ಸೊಪ್ಪಿನ ಹೊಗೆ: ಸಂಜೆ ಹಾಲು ಕರೆಯುವ ಮುಂಚೆ ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಹಸಿ ಸೊಪ್ಪು ಹಾಕಿದರೆ ಹಟ್ಟಿಯಲ್ಲಿ ಸ್ವಲ್ಪ ಹೊತ್ತು ನೆಮ್ಮದಿ. ಮಲಗುವ ಕೋಣೆಗೆ ಈ ಹೊಗೆ ಬೇಡ. ದಮ್ಮು ಇರುವವರಿಗೆ, ಮಕ್ಕಳಿಗೆ ನುಸಿಗಿಂತ ಹೊಗೆಯೇ ಹೆಚ್ಚು ಕೇಡು. ಮಲಗಲು ಸೊಳ್ಳೆಪರದೆಯೇ ಉತ್ತಮ. ಹಗಲು ನಿದ್ದೆ ಮಾಡುವ ಮಗುವಿಗೂ ಪರದೆ ಕಟ್ಟಿ.

4. ಬೆಲ್ಲದ ನೀರು: ಹಳೆ ಬಾಟಲಿಯಲ್ಲಿ ಸ್ವಲ್ಪ ಹುಳಿಬಂದ ಬೆಲ್ಲದ ನೀರಿಟ್ಟು, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿ. ಒಳಹೊಕ್ಕ ನೊಣ ಹೊರಬರಲಾರದು. ಅಡುಗೆಮನೆಯಿಂದ ದೂರ ಇಡಿ.

ಜ್ವರ ಬಂದರೆ

ಇಲ್ಲಿ ಮನೆಮದ್ದಿನ ಮಿತಿ ತಿಳಿದಿರಲಿ. ಏಕಾಏಕಿ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಪಪ್ಪಾಯಿ ಎಲೆಯ ರಸವನ್ನೇ ನಂಬಿ ದಿನ ಕಳೆಯಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಬ್ರೂಫೆನ್‌ನಂತಹ ಮಾತ್ರೆಗಳು ಡೆಂಗ್ಯುವಿನಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಎಚ್ಚರದ ಸಮಯ. ಆಗ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಅತಿ ಸುಸ್ತು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.

ವಾರಕ್ಕೆ ಅರ್ಧ ಗಂಟೆ

ನುಸಿ ಬೆಳೆಯಲು ಒಂದು ವಾರ ಬೇಕು ಎಂದೆವಷ್ಟೆ? ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿದರೆ ಅದು ಹಾರುವ ಮೊದಲೇ ಮುಗಿಯಿತು. ಕೇರಳದ ಆರೋಗ್ಯ ಇಲಾಖೆಯವರು ಮನೆಗಳಲ್ಲಿ ಆದಿತ್ಯವಾರ 'ಡ್ರೈ ಡೇ' ಆಚರಿಸಲು ಹೇಳುವುದು ಇದಕ್ಕೇ. ಪೂಜೆ ಮುಗಿಸಿ ಬಂದು, ಕಾಫಿ ಕುಡಿದು, ಮಕ್ಕಳನ್ನೂ ಕರೆದುಕೊಂಡು ಮನೆಗೆ ಒಂದು ಸುತ್ತು ಬನ್ನಿ. ಹಾಳೆ ಹೆಕ್ಕುವ ಕೆಲಸ ಮಕ್ಕಳಿಗೆ ಆಟವೇ. ಆಚೆಮನೆಯ ಅಜ್ಜ ಅಜ್ಜಿ ಇಬ್ಬರೇ ಇದ್ದರೆ ಅವರ ಅಂಗಳಕ್ಕೂ ಒಮ್ಮೆ ಹೋಗಿ ಬನ್ನಿ. ನುಸಿಗೆ ಬೇಲಿ ಗೊತ್ತಿಲ್ಲ. ಅವರ ಹಿತ್ತಿಲು ಶುಚಿಯಾದರೆ ನಮ್ಮ ಮನೆಯೂ ಕ್ಷೇಮ.