ಅಹಿಫೇನ ಮತ್ತು ಒಣಗಿದ ಬಾಯಿ: ಲಾಲಾಗ್ರಂಥಿಗಳ ಮೇಲೆ ಅಫೀಮು ವ್ಯಸನದ ಪರಿಣಾಮ

ಅಫೀಮಿಗೆ ಸಂಸ್ಕೃತದಲ್ಲಿ ‘ಅಹಿಫೇನ’ ಎಂಬ ಹೆಸರುಂಟು. ‘ಹಾವಿನ ನೊರೆ’ ಎಂಬುದು ಅದರ ಅಕ್ಷರಾರ್ಥ. ಗ್ರೀಕಿನ ‘ಓಪಿಯೊನ್’ ಅರಬ್ಬಿಯಲ್ಲಿ ‘ಅಫ್ಯೂನ್’ ಆಯಿತು. ಅದು ಭಾರತಕ್ಕೆ ಬಂದಾಗ ಧ್ವನಿಸಾಮ್ಯವನ್ನು ಹಿಡಿದು ಪಂಡಿತರು ಕಟ್ಟಿಕೊಂಡ ರೂಪವಿದು. ನೊರೆಯನ್ನು ಹೆಸರಿನಲ್ಲಿಯೇ ಹೊತ್ತ ಈ ವಸ್ತು ಸೇವಿಸಿದವನ ಬಾಯಿಯನ್ನು ಒಣಗಿಸುತ್ತದೆ. ಮಾರ್ಫಿನ್, ಹೆರಾಯಿನ್, ಮೆಥಡೋನ್ ಮೊದಲಾದ ಅದೇ ವರ್ಗದ ದ್ರವ್ಯಗಳಿಗೂ ಈ ಮಾತು ಸಲ್ಲುತ್ತದೆ. ವ್ಯಸನದ ಚರ್ಚೆಯಲ್ಲಿ ಮಿದುಳಿಗೆ ದೊರೆಯುವ ಗಮನ ಬಾಯಿಗೆ ದೊರೆತಿಲ್ಲವಾದ್ದರಿಂದ ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

ಕಿವಿಯ ಮುಂಭಾಗದಲ್ಲಿ, ಕೆಳದವಡೆಯ ಅಡಿಯಲ್ಲಿ ಮತ್ತು ನಾಲಿಗೆಯ ಕೆಳಗೆ ಒಂದೊಂದು ಜೊತೆ ದೊಡ್ಡ ಲಾಲಾಗ್ರಂಥಿಗಳಿವೆ. ಇವು ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಲಾಲಾರಸವನ್ನು ಸ್ರವಿಸುತ್ತವೆ. ಲಾಲಾರಸವು ಬಾಯಿಯಲ್ಲಿ ಹುಟ್ಟುವ ಆಮ್ಲವನ್ನು ತಗ್ಗಿಸುತ್ತದೆ. ಹಲ್ಲಿನ ಹೊರಕವಚ ಕಳೆದುಕೊಂಡ ಕ್ಯಾಲ್ಸಿಯಂ, ಫಾಸ್ಫೇಟುಗಳನ್ನು ಮರಳಿ ತುಂಬುತ್ತದೆ. ಗ್ರಂಥಿಗಳಿಗೆ ಸ್ರವಿಸುವ ಆದೇಶವು ಮುಖ್ಯವಾಗಿ ಪರಾನುಕಂಪಿ ನರಗಳು ಬಿಡುಗಡೆ ಮಾಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ತಲಪುತ್ತದೆ. ಅಫೀಮು ವರ್ಗದ ದ್ರವ್ಯಗಳು ಈ ಬಿಡುಗಡೆಯನ್ನು ಕುಗ್ಗಿಸುತ್ತವೆ. ಗ್ರಂಥಿ ಉಳಿದಿರುತ್ತದೆ, ಅದಕ್ಕೆ ಬರುವ ಆದೇಶ ಮಾತ್ರ ಕ್ಷೀಣಿಸುತ್ತದೆ.

ಸೇವನೆ ನಿಂತಾಗ ಚಿತ್ರ ತಿರುಗುಮುರುಗಾಗುತ್ತದೆ. ದೀರ್ಘಕಾಲದ ಅದುಮುವಿಕೆಗೆ ಒಗ್ಗಿಕೊಂಡ ನರವ್ಯೂಹವು ತಡೆ ತೊಲಗಿದೊಡನೆ ಮಿತಿಮೀರಿ ಕೆರಳುತ್ತದೆ. ಹೆರಾಯಿನ್ ತ್ಯಜಿಸಿದವರಲ್ಲಿ ಕಣ್ಣು, ಮೂಗು ಸೋರುವುದು, ಆಕಳಿಕೆ, ಬೆವರು ಮುಂತಾದ ಲಕ್ಷಣಗಳು ಸಾಮಾನ್ಯವಾಗಿ ಒಂದು ದಿನದೊಳಗೆ ಆರಂಭವಾಗಿ ಎರಡು ಮೂರು ದಿನಗಳಲ್ಲಿ ತಾರಕಕ್ಕೇರುತ್ತವೆ. ಪ್ರಯೋಗಪ್ರಾಣಿಗಳಲ್ಲಿ ಜೊಲ್ಲು ಸುರಿಯುವುದೂ ಈ ಸ್ಥಿತಿಯ ಲಕ್ಷಣವೇ. ಹಾಗೆಂದು ರೋಗಿಯ ಬಾಯಿ ಸದಾ ತೇವವಾಗಿರುತ್ತದೆ ಎನ್ನಲಾಗದು. ವಾಂತಿಭೇದಿಗಳಿಂದ ದೇಹದ ನೀರು ಇಳಿದರೆ ಬಾಯಿ ಮತ್ತೆ ಆರುತ್ತದೆ.

ಈ ಸಂದರ್ಭದಲ್ಲಿ ಪಾವ್ಲೋವ್ ಅವರನ್ನು ನೆನೆಯಬೇಕು. ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ ನಾಯಿಯ ಕಥೆ ಎಲ್ಲರಿಗೂ ಗೊತ್ತು. ಮಾರ್ಫಿನ್ನಿನ ನಾಯಿಯ ಕಥೆ ಅಷ್ಟು ಪ್ರಚಾರ ಪಡೆಯಲಿಲ್ಲ. ನಾಯಿಗೆ ಮಾರ್ಫಿನ್ ಚುಚ್ಚಿದಾಗ ಓಕರಿಕೆ ಬಂದು, ಅದರೊಂದಿಗೆ ಜೊಲ್ಲು ಸುರಿಯುತ್ತದೆ. ಕೆಲವು ದಿನ ಚುಚ್ಚುಮದ್ದು ಕೊಟ್ಟ ಮೇಲೆ ಅದರ ಸಿದ್ಧತೆಯನ್ನು ಕಂಡೊಡನೆಯೇ ಅದೆಲ್ಲವೂ ತಲೆದೋರಿತೆಂಬ ಕ್ರಿಲೋವ್ ಎಂಬವರ ಅವಲೋಕನವು 1927ರಲ್ಲಿ ಇಂಗ್ಲಿಷಿಗೆ ಬಂದ ಪಾವ್ಲೋವರ ಉಪನ್ಯಾಸಗಳಲ್ಲಿ ದಾಖಲಾಗಿದೆ. ವ್ಯಸನವು ಸಂದರ್ಭಕ್ಕೂ ಅಂಟಿಕೊಳ್ಳುತ್ತದೆ ಎಂಬ ಇಂದಿನ ತಿಳಿವಳಿಕೆಗೆ ಲಾಲಾಗ್ರಂಥಿಯೇ ಹೀಗೆ ಮೊದಲ ಸಾಕ್ಷಿಗಳಲ್ಲೊಂದಾಯಿತು.

ಲಾಲಾರಸ ಕಡಿಮೆಯಾದ ಬಾಯಿಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ, ಶಿಲೀಂಧ್ರದ ಸೋಂಕು ತಗಲುತ್ತದೆ. ವ್ಯಸನಿಗಳ ಸಿಹಿಯ ಹಂಬಲ ಹಾನಿಯನ್ನು ಹೆಚ್ಚಿಸುತ್ತದೆ. ಇಂಥ ಹಲ್ಲುಗಳನ್ನು ಕಂಡವರು ಅದನ್ನು ಕೇವಲ ಶುಚಿತ್ವದ ಅಭಾವವೆಂದು ಹಳಿಯುವುದು ಅನ್ಯಾಯ. ಚಿಕಿತ್ಸೆಯೂ ಇದಕ್ಕೆ ಹೊರತಲ್ಲ. ವ್ಯಸನಮುಕ್ತಿಗೆ ನಾಲಿಗೆಯಡಿ ಇಟ್ಟು ಕರಗಿಸುವ ಬುಪ್ರೆನಾರ್ಫಿನ್ ಮದ್ದಿನಿಂದ ಹಲ್ಲಿಗೆ ತೊಂದರೆಯಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ಜನವರಿಯಲ್ಲಿ ಎಚ್ಚರಿಸಿತು. ಆದರೆ ಮದ್ದಿನ ಪ್ರಯೋಜನವು ಅಪಾಯಕ್ಕಿಂತ ಹೆಚ್ಚೆಂದೂ, ಅದನ್ನು ತಾನಾಗಿ ನಿಲ್ಲಿಸಕೂಡದೆಂದೂ ಅದೇ ಪ್ರಕಟಣೆ ಸ್ಪಷ್ಟಪಡಿಸಿದೆ. ಮದ್ದು ಪೂರ್ಣ ಕರಗಿದ ಮೇಲೆ ನೀರನ್ನು ಬಾಯಲ್ಲಿ ಮೆಲ್ಲನೆ ಆಡಿಸಿ ನುಂಗಬೇಕು. ಹಲ್ಲುಜ್ಜಲು ಕನಿಷ್ಠ ಒಂದು ಗಂಟೆ ಕಾಯಬೇಕು. ಮದ್ದು ಬರೆದುಕೊಡುವಾಗಲೇ ರೋಗಿಯನ್ನು ದಂತವೈದ್ಯರಲ್ಲಿಗೂ ಕಳುಹಿಸಬೇಕೆಂಬುದು ವೈದ್ಯರಿಗಿರುವ ಸೂಚನೆ.