ಕ್ರಿಮಿನಾಲಜಿ ಓದಿದರೆ ಪಿಎಸ್‌ಐ ಆಗ್ತಾರಂತೆ!

ಪಿಯುಸಿ ಫಲಿತಾಂಶ ಬಂದ ವಾರ ರಾಯಚೂರು ಜಿಲ್ಲೆಯ ಕುರ್ಡಿಯಂಥ ಊರಿನ ಚಹಾದಂಗಡಿಯಲ್ಲಿ ಕೂತರೆ ಪುಕ್ಕಟೆ ಸಲಹೆಗೆ ಬರವಿಲ್ಲ. "ತಮ್ಮಾ, ಕ್ರಿಮಿನಾಲಜಿ ತಗೋ, ಸೀದಾ ಪಿಎಸ್‌ಐ ಆಗ್ತಿ" ಅಂತ ಒಬ್ಬರು. "ಅದನ್ನ ಓದಿ ಕಳ್ಳರ ಕಥಿ ಬರೀತಿಯೇನು?" ಅಂತ ಇನ್ನೊಬ್ಬರು. ನೇಮಕಾತಿ ಅಧಿಸೂಚನೆಯನ್ನು ಇಬ್ಬರೂ ಓದಿರುವುದಿಲ್ಲ.

ತಪ್ಪು ಕಲ್ಪನೆ: ಪಿಎಸ್‌ಐ ಆಗಲು ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಪದವಿಯೇ ದಾರಿ.
ವಾಸ್ತವ: ಯಾವ ಪದವಿಯಾದರೂ ನಡೆಯುತ್ತದೆ. ಲಿಖಿತ ಪರೀಕ್ಷೆಯ 200 ಅಂಕಗಳಲ್ಲಿ 50 ಪ್ರಬಂಧ, ಸಾರಾಂಶ, ಅನುವಾದಕ್ಕೆ. ಉಳಿದ 150 ಸಾಮಾನ್ಯ ಜ್ಞಾನದಂಥ ಬಹು ಆಯ್ಕೆ ಪ್ರಶ್ನೆಗಳಿಗೆ. ದೈಹಿಕ ಪರೀಕ್ಷೆಯಲ್ಲಿ ಎತ್ತರ ಅಳೆಯುವ ಕೋಲು ನಿಮ್ಮ ವಿಷಯ ಯಾವುದೆಂದು ಕೇಳುವುದಿಲ್ಲ.

ತಪ್ಪು ಕಲ್ಪನೆ: ಇದು ಕಳ್ಳರನ್ನು ಹಿಡಿಯುವ ವಿದ್ಯೆ.
ವಾಸ್ತವ: ಹಿಡಿಯುವುದಕ್ಕಿಂತ ಮೊದಲಿನ ಪ್ರಶ್ನೆ ಇದರದು: ಅಪರಾಧ ಯಾಕೆ ನಡೆಯುತ್ತದೆ, ಅಪರಾಧಿ ಎಂಬ ಹಣೆಪಟ್ಟಿ ಯಾರಿಗೆ ಅಂಟುತ್ತದೆ? 1871ರಲ್ಲಿ ಬ್ರಿಟಿಷರು ಕಾಯ್ದೆ ಮಾಡಿ ಇಡೀ ಬುಡಕಟ್ಟುಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದರು. ಐದು ವರ್ಷದ ನಂತರ ಇಟಲಿಯ ಲೊಂಬ್ರೋಸೊ ತಲೆಬುರುಡೆ ನೋಡಿ ಅಪರಾಧಿಯನ್ನು ಗುರುತಿಸಬಹುದೆಂದು ಪುಸ್ತಕ ಬರೆದ. ಆ ವಾದ ಬಿದ್ದುಹೋಯಿತು, ಕಾಯ್ದೆಯೂ 1952ರಲ್ಲಿ ರದ್ದಾಯಿತು. ಅಲೆಮಾರಿ ಟೆಂಟು ಕಂಡರೆ ಇಂದಿಗೂ ಊರು ಅನುಮಾನದಿಂದ ನೋಡುತ್ತದಲ್ಲ, ಅದನ್ನು ಪ್ರಶ್ನಿಸಲು ಕಲಿಸುವ ವಿಷಯವಿದು. ನನ್ನ ಮಟ್ಟಿಗೆ ಇದನ್ನು ಓದಲು ಇಷ್ಟೇ ಕಾರಣ ಸಾಕು. ಹೊಟ್ಟೆಪಾಡಿನ ಲೆಕ್ಕ ಬೇರೆ.

ತಪ್ಪು ಕಲ್ಪನೆ: ಬಿಎ ಮುಗಿಸಿ ಎಫ್‌ಎಸ್‌ಎಲ್ ಸೇರಬಹುದು.
ವಾಸ್ತವ: ಹೆಚ್ಚು ಮಕ್ಕಳು ಎಡವುವುದು ಇಲ್ಲೇ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ರಕ್ತ, ವಿಷ, ಗುಂಡು ಪರೀಕ್ಷಿಸುವವರು ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ ಓದಿದವರು. ಆ ಕನಸಿದ್ದರೆ ಪಿಯುಸಿಯಲ್ಲೇ ವಿಜ್ಞಾನ ಹಿಡಿಯಬೇಕು. ಬೇಡಿಕೆಯೇನೋ ಹೆಚ್ಚುತ್ತಿದೆ: ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಪ್ರಕರಣಗಳಲ್ಲಿ ತಜ್ಞರು ಸ್ಥಳಕ್ಕೇ ಹೋಗಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವಿದೆ. ಕಲಿಯಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ.

ತಪ್ಪು ಕಲ್ಪನೆ: ಅಣ್ಣನ ಹಳೇ ನೋಟ್ಸ್ ಸಾಕು.
ವಾಸ್ತವ: 2024ರ ಜುಲೈ 1ರಿಂದ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಬದಲಾಗಿವೆ. ಕೊಲೆಯ ಶಿಕ್ಷೆಯ ಕಲಂ 302 ಈಗ 103. ಆದರೂ ನೋಟ್ಸ್ ರದ್ದಿಗೆ ಹಾಕಬೇಡಿ, ಅದಕ್ಕೂ ಮುಂಚಿನ ಕೃತ್ಯಗಳ ವಿಚಾರಣೆ ಹಳೇ ದಂಡ ಸಂಹಿತೆಯಲ್ಲೇ ನಡೆಯುತ್ತದೆ.

ತಪ್ಪು ಕಲ್ಪನೆ: ಜೊತೆಗಿನ ವಿಷಯ ಯಾವುದಾದರೇನು?
ವಾಸ್ತವ: ಮಕ್ಕಳ ಮೇಲಿನ ಅಪರಾಧದ ಆರೋಪಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯನ್ನೇ ನೋಡಿ. ಅದರಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಒಬ್ಬರಾದರೂ ಮಹಿಳೆ. ಅವರು ಮಕ್ಕಳ ಕೆಲಸದಲ್ಲಿ ಏಳು ವರ್ಷ ದುಡಿದವರಾಗಿರಬೇಕು, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿಯ ವೃತ್ತಿನಿರತರಾಗಿರಬೇಕು ಎನ್ನುತ್ತದೆ 2015ರ ಬಾಲ ನ್ಯಾಯ ಕಾಯ್ದೆ. ಆ ಪಟ್ಟಿಯಲ್ಲಿ ಅಪರಾಧಶಾಸ್ತ್ರದ ಹೆಸರಿಲ್ಲ! ಜೊತೆಗೆ ಸಮಾಜಶಾಸ್ತ್ರ ತೆಗೆದುಕೊಂಡವರಿಗೆ ಬಾಗಿಲು ತೆರೆದಿರುತ್ತದೆ. ಸರ್ಕಾರಿ ವಕೀಲರಾಗುವ ಆಸೆಯಿದ್ದರೆ ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಬೇಕೇಬೇಕು. ಅದಕ್ಕೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಕನಿಷ್ಠ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ. "ಪಾಸಾದ್ರ ಸಾಕು" ಎಂದವರ ಮಾತು ಅಲ್ಲಿ ನಡೆಯುವುದಿಲ್ಲ.

ತಪ್ಪು ಕಲ್ಪನೆ: ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇರುವುದು ನೌಕರಿಗೆ ಮಾತ್ರ.
ವಾಸ್ತವ: ಸೀಟಿಗೂ ಇದೆ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಆದರೆ ಸಹಾಯಕ ಆಯುಕ್ತರ ಪ್ರಮಾಣಪತ್ರ ಕೈಯಲ್ಲಿರಬೇಕು. ಮಾನ್ವಿ, ದೇವದುರ್ಗದ ಮಕ್ಕಳೇ, ಅದಕ್ಕೆ ಈ ವಾರವೇ ಅರ್ಜಿ ಹಾಕಿರಿ. ಪ್ರವೇಶದ ಕೊನೇ ದಿನ ಓಡಿದರೆ ಕಚೇರಿಯ ಮುಂದೆ ಸಾಲು ಮಾತ್ರ ಸಿಗುತ್ತದೆ.